ಹುಲಿಗೆಮ್ಮ ಪಕ್ಕದಲ್ಲೇ ಕೂತಿದ್ದಾಳೆ

ನೀಲಗಂಗಾ ಯಾರ ಕೈಯನ್ನೂ ಹಿಡಿಯದೆ ಒಬ್ಬಳೇ ಶಾಲೆಗೆ ನಡೆದುಹೋದ ದಿನ, ಅವಳ ತಾಯಿ ಬಸಲಿಂಗವ್ವ ಎಣ್ಣೆಗೆ ಬಿಟ್ಟ ಮಿರ್ಚಿಯನ್ನು ಸೀಯಲು ಬಿಟ್ಟು ಬೀದಿಯ ನಡುವೆ ಬಂದು ನಿಂತುಬಿಟ್ಟಿದ್ದಳು. ಹುಟ್ಟಿನಿಂದ ಕಣ್ಣು ಕಾಣದ ಮಗಳು ಟ್ರ್ಯಾಕ್ಟರಿಗೆ ದಾರಿ ಬಿಟ್ಟಳು, ಅಡ್ಡ ಮಲಗಿದ್ದ ಎಮ್ಮೆಯನ್ನು ಸುತ್ತಿಕೊಂಡು ಹೋದಳು, ಗಟಾರದ ಮೇಲಿನ ಹಾಸುಗಲ್ಲನ್ನು ಕಾಲಿನಿಂದ ಒಮ್ಮೆ ತಡವಿ ದಾಟಿದಳು. ಸ್ಕೂಟಿ ತಳ್ಳಿಕೊಂಡು ಹಿಂದೆ ಬರುತ್ತಿದ್ದ ಸುಮಿತ್ರಾ ಹೂಗಾರಳಿಗೆ ಕಣ್ತುಂಬಿ ಬಂದು, ಮುಂದೆ ನಡೆಯುತ್ತಿದ್ದ ಹುಡುಗಿಯೇ ಮಸುಕಾಗಿ ಕಂಡಿದ್ದಳು.

ಸುಮಿತ್ರಾ ಆ ತಾಲ್ಲೂಕಿನ ವಿಶೇಷ ಶಿಕ್ಷಕಿ. ಕಣ್ಣು ಕಾಣದ, ಮಂದವಾಗಿ ಕಾಣುವ ಮಕ್ಕಳನ್ನು ಹಳ್ಳಿ ಹಳ್ಳಿಗೆ ಹೋಗಿ ಹುಡುಕುವುದು, ಮನೆಯ ಮೂಲೆಯಲ್ಲಿ ಕೂತವರನ್ನು ಎಬ್ಬಿಸುವುದು, ಬ್ರೈಲ್ ಚುಕ್ಕಿಗಳನ್ನು ಬೆರಳಿಗೆ ಕಲಿಸುವುದು ಅವಳ ಕೆಲಸ. ಕಡ್ಲಿಹಾಳಕ್ಕೆ ಅವಳು ಮೊದಲು ಬಂದಾಗ ನೀಲಗಂಗಾ ಇನ್ನೂ ಪುಟ್ಟವಳು. ಊರಿನ ಹಿಂದೆಯೇ ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿಯೊಂದಿದೆ. ಆಳವಾದ ಗುಂಡಿಯಲ್ಲಿ ವರ್ಷವಿಡೀ ನೀರು. ಅಪ್ಪ ಗ್ರಾನೈಟ್ ಕಾರ್ಖಾನೆಗೆ, ಅವ್ವ ಬಸ್ ನಿಲ್ದಾಣದ ಹತ್ತಿರ ಬಜಿ ಕರಿಯಲು ಹೋಗುವಾಗ, ಮಗು ತಡವರಿಸುತ್ತ ಆ ಕಡೆ ಹೋಗದಿರಲೆಂದು ಹಳೆಯ ಸೀರೆಯಿಂದ ಅದರ ಸೊಂಟವನ್ನು ಮನೆಯ ಕಂಬಕ್ಕೆ ಕಟ್ಟಿ ಹೋಗುತ್ತಿದ್ದರು. ಸುಮಿತ್ರಾ ಆ ಗಂಟನ್ನು ಬಿಚ್ಚಿ, ಅದೇ ಕಂಬಕ್ಕೆ ಒರಗಿ ಕೂತು ಅ ಆ ಇ ಈ ಕಲಿಸಿದವಳು. ಆದರೆ ವಾರಕ್ಕೊಮ್ಮೆ ಬರುವ ಶಿಕ್ಷಕಿಯಿಂದ ಶಾಲೆಯ ದಾರಿ ಸವೆಯುವುದಿಲ್ಲ. ಅದಕ್ಕೇ, ಹುಬ್ಬಳ್ಳಿಯ ಸಂಶೋಧನಾ ಕೇಂದ್ರವೊಂದು ‘ದನಿಗಣ್ಣು’ ಎಂಬ ಸಾಧನವನ್ನು ಹಳ್ಳಿಯ ಮಕ್ಕಳಿಗೆ ಪರೀಕ್ಷಾರ್ಥವಾಗಿ ಕೊಡುತ್ತದೆ ಎಂದು ಗೊತ್ತಾದಾಗ, ಕಚೇರಿಗಳನ್ನು ಅಲೆದು ತನ್ನ ತಾಲ್ಲೂಕಿನ ಮಕ್ಕಳ ಹೆಸರು ಸೇರಿಸಿಕೊಂಡು ಬಂದವಳೂ ಅವಳೇ.

ನೋಡಲು ಅದೊಂದು ಕೊರಳಪಟ್ಟಿ, ಅಷ್ಟೆ. ಮುಂದೆ ಅಂಗಿಯ ಗುಂಡಿಯಷ್ಟು ಕ್ಯಾಮೆರಾ, ಕಿವಿಯ ಹಿಂದಿನ ಎಲುಬಿಗೆ ಒತ್ತಿ ಕೂರುವ ಒಂದು ಚಿಕ್ಕ ತುಂಡು. ಕ್ಯಾಮೆರಾ ಕಂಡದ್ದನ್ನು ಪಟ್ಟಿಯೊಳಗಿನ ಯಂತ್ರವೇ ಅರ್ಥ ಮಾಡಿಕೊಂಡು ಎಲುಬಿನ ಮೂಲಕ ಪಿಸುಗುಡುತ್ತಿತ್ತು. ಕಿವಿಗಳು ಹೊರಗಿನ ಸದ್ದಿಗೆ ತೆರೆದೇ ಇರುತ್ತಿದ್ದವು. ಮಗುವಿನ ಹೆಸರು ಹಿಡಿದು, ಅದರ ಮನೆಯ ಮಾತಿನಲ್ಲೇ ಮಾತಾಡುತ್ತಿತ್ತು: ‘ನೀಲಾ, ಮುಂದ ಕಲ್ಲ ಐತಿ, ಎಡಕ್ಕ ಸರಿ.’ ಶುರುವಾಗುವಾಗ ಚಿವ್ ಚಿವ್ ಎನ್ನುತ್ತಿದ್ದುದರಿಂದ ಮಕ್ಕಳು ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟರು. ಸರ್ಕಾರಿ ಕಾಗದಗಳಲ್ಲಿ ಮಾತ್ರ ಅದು ದನಿಗಣ್ಣಾಗಿ ಉಳಿಯಿತು.

ಗುಬ್ಬಿ ಬಂದ ಮೇಲೆ ಸುಮಿತ್ರಾಳ ಮಕ್ಕಳು ಶಾಲೆ ತಪ್ಪಿಸುವುದೇ ನಿಂತುಹೋಯಿತು. ಜ್ವರ ಬಂದರೂ ಹೋಗುತ್ತೇನೆಂದು ಹಟ ಹಿಡಿಯುತ್ತಿದ್ದರು. ಮುಂದಿನ ವಾರದಿಂದ ಎಲ್ಲ ಜಿಲ್ಲೆಗಳಿಗೂ ಇದನ್ನು ಕೊಡುತ್ತಾರೆ ಎಂಬ ಸುದ್ದಿ ಬಂದಾಗ ಅವಳು ಸಹೋದ್ಯೋಗಿಗಳಿಗೆ ಪೇಢಾ ಹಂಚಿದ್ದಳು.

ಅದಾದ ಮೇಲೆ ಒಂದು ಮಧ್ಯಾಹ್ನ ನೀಲಗಂಗಾಳ ಮನೆಯಲ್ಲಿ ಕೂತು ಬ್ರೈಲ್ ಪಾಠ ಓದಿಸುತ್ತಿದ್ದಾಗ, ಹುಡುಗಿಯ ಒಂದು ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಚುಚ್ಚಿಕೊಂಡಿತು.

“ಸಾಲ್ಯಾಗ ಯಾರು ನಿನ್ನ ಗೆಳತಿ?” ಎಂದು ಸುಮಿತ್ರಾ ಸುಮ್ಮನೆ ಕೇಳಿದ್ದಳು.

“ಹುಲಿಗೆಮ್ಮ ರೀ ಅಕ್ಕೋರೆ. ದಿನಾ ನನ್ನ ಬಾಜೂನ ಕುಂದರ್ತಾಳ.”

“ಹೌದಾ? ಏನೇನ್ ಮಾತಾಡ್ತೀರಿ?”

“ಅಕಿ ಭಾಳ ಮಾತಾಡಂಗಿಲ್ರೀ. ಅಕಿಗೆ ನಾಚಿಕಿ ಅಂತ, ಗುಬ್ಬಿ ಹೇಳ್ತು. ಬರೇ ನಗತಾಳಂತ.” ನೀಲಗಂಗಾ ತಾನೂ ನಕ್ಕಳು. “ಕೈ ಹಿಡಿಯಾಕ ಹೋಗಿದ್ದೆ. ಮುಟ್ಟಬ್ಯಾಡ, ಅಕಿಗೆ ಕಚಗುಳಿ ಆಗತೈತಿ ಅಂತು ಗುಬ್ಬಿ.”

ಸುಮಿತ್ರಾ ಹೆಚ್ಚು ಕೇಳಲಿಲ್ಲ. ಹುಲಿಗೆಮ್ಮ ಅವಳಿಗೆ ಗೊತ್ತಿದ್ದ ಹುಡುಗಿ. ಊರಿಗೆಲ್ಲ ಕೇಳುವಂತೆ ಜಗಳಾಡುವವಳು, ಗಂಡುಮಕ್ಕಳ ಜೊತೆ ಲಗೋರಿ ಆಡಿ ಗೆಲ್ಲುವವಳು. ಅವಳಿಗೆ ನಾಚಿಕೆ?

ಮಾರನೆಯ ದಿನ ಬೇರೆ ಹಳ್ಳಿಗೆ ಹೋಗಬೇಕಾಗಿದ್ದವಳು ಸ್ಕೂಟಿಯನ್ನು ಮತ್ತೆ ಕಡ್ಲಿಹಾಳಕ್ಕೇ ತಿರುಗಿಸಿದಳು. ವಿಶೇಷ ಶಿಕ್ಷಕರಿಗೆ ಪರಿಶೀಲನೆಗೆಂದು ಕೊಟ್ಟಿದ್ದ ಕಿವಿತುಂಡೊಂದು ಅವಳ ಚೀಲದಲ್ಲಿತ್ತು. ಹತ್ತಿರದಲ್ಲಿದ್ದರೆ ಮಗುವಿನ ಗುಬ್ಬಿ ಏನು ಹೇಳುತ್ತಿದೆ ಎಂಬುದನ್ನು ಅದರಲ್ಲಿ ಕೇಳಬಹುದಾಗಿತ್ತು. ಮಕ್ಕಳು ಗುಬ್ಬಿ ಹಾಕಿಕೊಂಡು ನಡೆದಾಡಲು ಕಲಿಯುವ ದಿನಗಳಲ್ಲಿ ಬಳಸಿದ್ದು ಬಿಟ್ಟರೆ ಅವಳು ಅದನ್ನು ಮುಟ್ಟಿರಲೇ ಇಲ್ಲ. ಅದನ್ನು ಕಿವಿಗೆ ಸಿಕ್ಕಿಸಿಕೊಂಡು, ತರಗತಿಯ ಹಿಂಬಾಗಿಲಲ್ಲಿ ಸದ್ದಿಲ್ಲದೆ ನಿಂತಳು.

ನೀಲಗಂಗಾ ಕೊನೆಯ ಬೆಂಚಿನಲ್ಲಿದ್ದಳು. ಒಬ್ಬಳೇ. ಆ ಬೆಂಚಷ್ಟೇ ಅಲ್ಲ, ಅದರ ಮುಂದಿನ ಬೆಂಚೂ ಖಾಲಿ. ಉಳಿದ ಮಕ್ಕಳೆಲ್ಲ ಮುಂದಕ್ಕೆ ಒತ್ತೊತ್ತಾಗಿ ಕೂತಿದ್ದರು. ಹುಲಿಗೆಮ್ಮ ಎರಡನೆಯ ಬೆಂಚಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು.

ಸುಮಿತ್ರಾಳ ಕಿವಿಯೊಳಗೆ ಗುಬ್ಬಿ ಮಾತಾಡಿತು. ‘ಹುಲಿಗೆಮ್ಮ ಬಾಜೂನ ಕುಂತಾಳ, ನೀಲಾ.’

ಮಾಸ್ತರ್ ವೀರನಗೌಡರು ಪ್ರಶ್ನೆ ಕೇಳಿದರು. ನೀಲಗಂಗಾ ಎದ್ದು ನಿಂತು ಉತ್ತರ ಹೇಳಿದಳು. ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುತ್ತಿದ್ದ ಮಾಸ್ತರು ಅಷ್ಟರಲ್ಲಿ ಇನ್ನೊಂದು ಬದಿಯ ಮಕ್ಕಳ ಪಾಟಿ ತಿದ್ದಲು ಬಗ್ಗಿದ್ದರು; ಅವಳ ಉತ್ತರ ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ‘ಸರ್ ನಿನ್ನ ನೋಡಿ ನಕ್ಕರು. ಶಾಬಾಸ್ ಅನ್ನಂಗ ತಲಿ ಅಲ್ಲಾಡಿಸಿದರು,’ ಎಂದಿತು ಗುಬ್ಬಿ. ನೀಲಗಂಗಾಳ ಮುಖ ಅರಳಿತು. ಕೂತವಳೇ ಚೀಲದಿಂದ ಕಾಗದದ ಪೊಟ್ಟಣ ತೆಗೆದು, ಒಂದು ಮಿರ್ಚಿಯನ್ನು ಪಕ್ಕದ ಖಾಲಿ ಗಾಳಿಗೆ ಚಾಚಿದಳು.

‘ಹುಲಿಗೆಮ್ಮಗ ಹೊಟ್ಟಿ ತುಂಬೈತಂತ. ಬ್ಯಾಡ ಅಂತ ನಕ್ಕೋಂತ ತಲಿ ಅಲ್ಲಾಡಿಸಿದ್ಲು.’

ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ನಿಂತು, ಮೆಲ್ಲಗೆ ಹಿಂದೆ ಬಂತು.  ಸುಮಿತ್ರಾ ಮೊಬೈಲ್ ತೆಗೆದು ಆ ಖಾಲಿ ಬೆಂಚನ್ನು ಚಿತ್ರೀಕರಿಸಿದಳು.

ಹುಬ್ಬಳ್ಳಿಯ ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿ ಗೋಡೆ ತುಂಬ ಪರದೆಗಳು. ಪ್ರತಿಯೊಂದರಲ್ಲೂ ಒಂದೊಂದು ತಾಲ್ಲೂಕಿನ ನಕ್ಷೆ, ನಕ್ಷೆಯ ಮೇಲೆ ಹಸಿರು ಚುಕ್ಕಿಗಳು, ಒಂದು ಚುಕ್ಕಿಗೆ ಒಂದು ಮಗು. ಚುಕ್ಕಿಯನ್ನು ಒತ್ತಿದರೆ ಆ ಮಗುವಿಗೆ ಗುಬ್ಬಿ ಹೇಳುತ್ತಿರುವ ಮಾತು ಸಾಲು ಸಾಲಾಗಿ ಮೂಡುತ್ತಿತ್ತು. ಚಿತ್ರ ಕಳಿಸುವಷ್ಟು ನೆಟ್‌ವರ್ಕ್ ಹಳ್ಳಿಗಳಲ್ಲಿ ಇರಲಿಲ್ಲ. ಬರುತ್ತಿದ್ದುದು ಮಾತು ಮಾತ್ರ. ತಬಸ್ಸುಮ್ ನದಾಫ್ ಎಂಬ ಯುವ ಎಂಜಿನಿಯರ್ ಪ್ರತಿದಿನ ಆ ಮಾತುಗಳನ್ನು ಓದಿ ಹಿಗ್ಗುತ್ತಿದ್ದಳು. ಗೆಳತಿಯರು ನಗುತ್ತಿದ್ದಾರೆ, ಮಾಸ್ತರು ಮೆಚ್ಚುತ್ತಿದ್ದಾರೆ. ಇಂಥ ಸಾಲುಗಳನ್ನು ಓದಿದ ಮೇಲೆ ಯಾರಿಗೆ ಅನುಮಾನ ಬರಬೇಕು?

ಬಸ್ಸಿನಲ್ಲಿ ಬಂದು ಬೆವರಿ ನಿಂತಿದ್ದ ಸುಮಿತ್ರಾಳ ಮಾತನ್ನು ಅವಳು ಮೊದಲು ನಂಬಲಿಲ್ಲ. ಮೊಬೈಲಿನ ದೃಶ್ಯವನ್ನೂ ಅದೇ ಹೊತ್ತಿನ ಮಾತುಗಳನ್ನೂ ಅಕ್ಕಪಕ್ಕ ಇಟ್ಟು ಓಡಿಸಿದಳು. ಇನ್ನೊಮ್ಮೆ ಓಡಿಸಿದಳು. ಆಮೇಲೆ ನೀಲಗಂಗಾಳ ಗುಬ್ಬಿ ಈವರೆಗೆ ಕಲಿತದ್ದನ್ನೆಲ್ಲ ಪ್ರಯೋಗಾಲಯದ ಕೊರಳಪಟ್ಟಿಯೊಂದಕ್ಕೆ ಇಳಿಸಿ, ಅದರ ಮಾತು ಇಬ್ಬರಿಗೂ ಕೇಳುವಂತೆ ಚಿಕ್ಕ ಸ್ಪೀಕರ್ ಹಚ್ಚಿ, ಮೇಜಿನ ಮೇಲಿಟ್ಟು, ಅದರ ಎದುರು ಹುಬ್ಬು ಗಂಟಿಕ್ಕಿ ಹಲ್ಲು ಕಚ್ಚಿ ನಿಂತಳು.

‘ಎದುರಿಗೆ ಒಬ್ಬಾಕಿ ಅಕ್ಕ ಅದಾಳ, ನೀಲಾ. ನಗಾಕತ್ತಾಳ.’

ತಬಸ್ಸುಮ್ ಕುರ್ಚಿಗೆ ಕುಸಿದಳು. “ನಾವು ಇದಕ್ಕ ಎರಡ ಗುರಿ ಕೊಟ್ಟಿದ್ವಿ ಅಕ್ಕಾರ. ಕೂಸು ಪಟ್ಟಿ ಕಿತ್ತು ಒಗೀಬಾರದು. ಕೂಸು ದಿನಾ ಸಾಲಿಗೆ ಬರಬೇಕು. ಯಾವ ಮಾತು ಹೇಳಿದ್ರ ಕೂಸು ಇರ್ತೈತಿ, ಯಾವ ಮಾತು ಹೇಳಿದ್ರ ಬಿಡ್ತೈತಿ ಅನ್ನೂದನ್ನ ತಾನ ನೋಡಿ ಕಲೀಬೇಕು ಅಂತ ಮಾಡಿದ್ವಿ. ಕಲಿತೈತಿ. ‘ಬಾಜು ಯಾರೂ ಇಲ್ಲ’ ಅಂದ ದಿನ ಯಾವುದೋ ಕೂಸು ಪಟ್ಟಿ ತೆಗೆದು ಅತ್ತಿರಬೇಕು. ‘ಅದಾಳ, ನಗಾಕತ್ತಾಳ’ ಅಂದ ದಿನ ಸಂಜೀತನಕ ಹಾಕ್ಕೊಂಡಿರಬೇಕು.”

“ಖರೇ ಹೇಳಬೇಕು ಅಂತ ಕಲಿಸಲಿಲ್ಲೇನವ್ವ?”

“ಅದನ್ನ ಬ್ಯಾರೆ ಹೇಳಬೇಕಾಗತೈತಿ ಅಂತ ಯಾರಿಗೂ ಹೊಳೀಲಿಲ್ರೀ.”

ಸುಮಿತ್ರಾಳ ತಲೆಯಲ್ಲಿ ಬೇರೆಯೇ ಒಂದು ಹೆದರಿಕೆ ಎದ್ದಿತು. ಮಕ್ಕಳು ಪಟ್ಟಿ ಕಿತ್ತೆಸೆಯುವುದು ದುಃಖಕ್ಕೆ ಮಾತ್ರವೇ? ಭಯಕ್ಕೂ ಅಲ್ಲವೇ? “ದಾರಿ ಹೆಂಗ ಹೇಳ್ತೈತಿ? ಗುಂಡಿ, ಬಾವಿ? ಅದನ್ನೂ ಹಿಂಗ ಬೆಲ್ಲಾ ಹಚ್ಚಿ ಹೇಳಿದ್ರ?”

“ಇಲ್ಲ, ಇಲ್ಲ. ಅದು ಬ್ಯಾರೆ ಭಾಗ. ಅದನ್ನ ನಾವು ಬಿಗಿ ಮಾಡೇವಿ,” ಎಂದ ತಬಸ್ಸುಮ್‌ಳ ದನಿಯಲ್ಲಿ ಬಿಗಿ ಇರಲಿಲ್ಲ. ಎದ್ದು ಪಟ್ಟಿಯನ್ನು ತನ್ನ ಕೊರಳಿಗೇ ಹಾಕಿಕೊಂಡಳು. ಹೊರಗಿನ ಮೆಟ್ಟಿಲುಗಳ ಕಡೆಗೆ ಮುಖ ಮಾಡಿ ಕಣ್ಣು ಮುಚ್ಚಿದಳು. “ನೀವು ಸುಮ್ನ ನಿಂದರ್ರಿ. ಅದು ಹೇಳಿದಂಗ ನಡೀತೀನಿ.”

ಅವಳು ನಡೆದಳು. ‘ಸೀದಾ ಬಾ, ದಾರಿ ಛಲೋ ಐತಿ.’  ಮೆಟ್ಟಿಲ ಅಂಚು ಹತ್ತಿರ ಬಂತು. ಇನ್ನೂ ಹತ್ತಿರ. ‘ಸ್ವಲ್ಪ ನಿಧಾನ ಬಾರವ್ವ,’ ಎಂದು ಗುಬ್ಬಿ ಮುದ್ದು ಮಾಡುವ ದನಿಯಲ್ಲಿ ಹೇಳುವಷ್ಟರಲ್ಲಿ ತಬಸ್ಸುಮ್‌ಳ ಒಂದು ಪಾದ ಗಾಳಿಯಲ್ಲಿತ್ತು. ಸುಮಿತ್ರಾ ಧಾವಿಸಿ ಅವಳ ದುಪಟ್ಟಾ ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ನೆಲಕ್ಕೆ ಬಿದ್ದರು.

ಕೇಂದ್ರದ ನಿರ್ದೇಶಕ ಇನಾಮದಾರ್ ವಿಷಯವನ್ನು ತಾಳ್ಮೆಯಿಂದಲೇ ಕೇಳಿದರು. ಕೆಟ್ಟ ಮನುಷ್ಯರಲ್ಲ, ಕೇಳುತ್ತ ಕೇಳುತ್ತ ಅವರ ಮುಖವೂ ಇಳಿಯಿತು. “ಬಂದ್ ಮಾಡೋದು ಸರಳ ಐತಿ ಮೇಡಂ,” ಎಂದರು. “ಈಗ ಒಂದು ಗುಂಡಿ ಒತ್ತಿದ್ರ ಎಲ್ಲಾ ಗುಬ್ಬಿ ಸುಮ್ಮನಾಗತಾವ. ಆ ಹೊತ್ತಿಗೆ ಎಷ್ಟು ಮಕ್ಕಳು ರಸ್ತೆ ಮ್ಯಾಲ ಇರ್ತಾರ? ಮತ್ತ ನಾಳಿಂದ ಅವರನ್ನ ಯಾರು ಸಾಲಿಗೆ ಕರಕೊಂಡು ಹೋಗ್ತಾರ, ಹೇಳ್ರಿ. ಮೂಲ್ಯಾಗ ಕುಂದರಸ್ತಾರ. ನಿಮಗ ಗೊತ್ತಿಲ್ಲೇನು?”

ಸುಮಿತ್ರಾಳಿಗೆ ಗೊತ್ತಿತ್ತು. ಕಂಬ, ಸೀರೆಯ ಗಂಟು, ಎಲ್ಲವೂ ಗೊತ್ತಿತ್ತು.  ಕೊನೆಗೆ ತೀರ್ಮಾನವಾದದ್ದು ಇಷ್ಟು: ಅಪಾಯದ ಎಚ್ಚರಿಕೆಯನ್ನು ತಬಸ್ಸುಮ್ ಮೊದಲು ಸರಿಪಡಿಸಿ ಎಲ್ಲ ಪಟ್ಟಿಗಳಿಗೂ ಕಳಿಸಬೇಕು, ಸಿಹಿ ಸುಳ್ಳುಗಳನ್ನು ಕೀಳುವಾಗ ಪ್ರತಿ ಮಗುವಿನ ಹತ್ತಿರ ಮನೆಯವರೋ ಶಿಕ್ಷಕರೋ ಇರಬೇಕು. ಮೊದಲನೆಯ ಕೆಲಸಕ್ಕೇ ಮಾರನೆಯ ಸಂಜೆಯಾದೀತು ಎಂದಳು ತಬಸ್ಸುಮ್. ಅಲ್ಲಿಯವರೆಗೆ ತನ್ನ ಮಕ್ಕಳನ್ನು ಮನೆಯವರೇ ಕೈಹಿಡಿದು ಕರೆದೊಯ್ಯಲಿ ಎಂದು ಸುಮಿತ್ರಾ ಬಸ್ಸಿನಲ್ಲಿ ಕೂತೇ ಎಲ್ಲ ಮನೆಗಳಿಗೂ ಫೋನ್ ಮಾಡಿದಳು. ಬಸಲಿಂಗವ್ವನ ಫೋನ್ ಹತ್ತಲಿಲ್ಲ.

ಮಾರನೆಯ ದಿನ ಅವಳು ಕಡ್ಲಿಹಾಳ ತಲುಪುವಷ್ಟರಲ್ಲಿ ಹುಡುಗಿ ಶಾಲೆಗೆ ಹೋಗಿಯಾಗಿತ್ತು. ಸುಮಿತ್ರಾ ನೇರ ಶಾಲೆಗೆ ಹೋಗಿ, ನೀಲಗಂಗಾ ತನ್ನ ಬೆಂಚಿನಲ್ಲಿ ಕೂತಿರುವುದನ್ನು ಕಿಟಕಿಯಿಂದ ಕಂಡು ಉಸಿರು ಬಿಟ್ಟಳು. ಶಾಲೆ ಬಿಡುವಷ್ಟರಲ್ಲಿ ತಾಯಿಗೆ ಎಲ್ಲ ಹೇಳಿ, ಅವಳನ್ನೂ ಕರೆದುಕೊಂಡು ಬಂದರಾಯಿತು ಎಂದು ಬಸಲಿಂಗವ್ವನ ಮನೆಗೆ ನಡೆದಳು.

ಬಸಲಿಂಗವ್ವ ಕಡಲೆಹಿಟ್ಟು ಜರಡಿ ಹಿಡಿಯುತ್ತ ಎಲ್ಲ ಕೇಳಿಸಿಕೊಂಡಳು. ಸುಳ್ಳಿನ ಮಾತು ಬಂದಾಗ ಅವಳ ಕೈ ನಿಂತಿತು. “ನನಗ ಅನುಮಾನ ಇತ್ರೀ,” ಎಂದಳು.

“ಏನು?”

“ನನ್ನ ತಮ್ಮ ಸತ್ತ ಸುದ್ದಿ ಬಂದಾಗ, ಕೂಸಿನ ಮುಂದ ಅಳಬಾರದಂತ ಬಾಯಾಗ ಸೆರಗು ತುರುಕ್ಕೊಂಡು ಅಳಾಕತ್ತಿದ್ದೆ. ಸಪ್ಪಳಿಲ್ಲ. ಅಕಿ ಹಿಂದ ಬಂದು ನಿಂತು, ‘ಯವ್ವಾ, ಯಾಕ ನಗಾಕತ್ತೀ, ನನಗೂ ಹೇಳು’ ಅಂದ್ಲು. ಗುಬ್ಬಿ ಹಂಗ ಹೇಳಿತ್ತಂತ.” ಅವಳು ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. “ನನಗ ಸಮಾಧಾನ ಆತ್ರೀ ಆವತ್ತು. ದೇವರ ಇದನ್ನ ಕಳಿಸ್ಯಾನ ಅಂದ್ಕೊಂಡೆ.”

“ಬಸಲಿಂಗವ್ವಾ...”

“ಸುಳ್ಳಿದ್ರ ಇರ್ಲಿ ಬಿಡ್ರಿ ಅಕ್ಕೋರೆ! ನನ್ನ ಮಗಳು ನಕ್ಕೋಂತ ಹೋಗ್ತಾಳ, ನಕ್ಕೋಂತ ಬರ್ತಾಳ. ನಿಮ್ಮ ಖರೇ ಕೇಳಿ ಮತ್ತ ಕಂಬಕ್ಕ ಬಂದು ಕುಂತ್ರ ನೀವು ಬಂದು ನಗಸ್ತೀರೇನು? ಕ್ವಾರಿ ಕಡೆ ಎಚ್ಚರ ಹೇಳೂದನ್ನ ರಿಪೇರಿ ಮಾಡ್ರಿ. ಉಳಿದದ್ದು ಮುಟ್ಟಬ್ಯಾಡ್ರಿ. ಕೈ ಮುಗೀತೀನಿ.”

ಸುಮಿತ್ರಾ ಏನೋ ಹೇಳಲು ಬಾಯಿ ತೆರೆದಾಗ ಮೊಬೈಲ್ ಬಡಿದುಕೊಂಡಿತು. ತಬಸ್ಸುಮ್.

“ಅಕ್ಕಾರ, ನೀಲಗಂಗಾ ಎಲ್ಲಿ ಅದಾಳ?”

“ಸಾಲ್ಯಾಗ. ಈಗ ನೋಡಿ ಬಂದೆ.”

“ಇಲ್ರೀ! ಚುಕ್ಕಿ ಸಾಲಿ ಬಿಟ್ಟು ಹೊಂಟೈತಿ. ಇವತ್ತ ಲಗೂ ಬಿಟ್ಟಾರೇನ? ‘ಹುಲಿಗೆಮ್ಮ ಕರಿಯಾಕತ್ತಾಳ, ಹಿಂದ ಹೋಗೂಣು’ ಅಂತ ಗುಬ್ಬಿ ಹೇಳಾಕತ್ತೈತಿ. ಊರ ಹಿಂದಿನ ದಾರಿ ಅದು. ಕ್ವಾರಿ ದಾರಿ.” ತಬಸ್ಸುಮ್‌ಳ ದನಿ ಒಡೆಯಿತು. “ರಿಪೇರಿ ಮುಗಿದೈತಿ, ಕಳಿಸಾಕತ್ತೀನಿ, ಪಟ್ಟಿ ಹತ್ತಿರ ಹೋಗವಲ್ದು, ನೆಟ್‌ವರ್ಕ್ ಇಲ್ಲ. ಬಂದ್ ಅರ ಮಾಡಲೇನ್ರೀ? ಅದೊಂದು ಸಣ್ಣ ಸಂದೇಶ, ಹೋಗಬಹುದು. ಹೇಳ್ರಿ ಲಗೂ!”

ಬಂದ್ ಮಾಡಿದರೆ ಹುಡುಗಿ ಗೊತ್ತಿಲ್ಲದ ಜಾಗದಲ್ಲಿ, ಕೈಯಲ್ಲಿ ಕೋಲೂ ಇಲ್ಲದೆ ಒಮ್ಮೆಲೇ ಒಂಟಿಯಾಗುತ್ತಾಳೆ. ಮಾಡದಿದ್ದರೆ?  “ಒಂದ ನಿಮಿಷ...” ಎಂದಳು ಸುಮಿತ್ರಾ.

“ಚುಕ್ಕಿ ಹೋತು,” ಎಂದಳು ತಬಸ್ಸುಮ್. “ಅಕ್ಕಾರ, ಚುಕ್ಕಿ ಹೋತ್ರೀ.”

ಇಬ್ಬರೂ ಓಡಿದರು. ಹಿಟ್ಟಿನ ಜರಡಿ ನೆಲದ ಮೇಲೆ ಉರುಳಿತು. ಬಸಲಿಂಗವ್ವನ ಬಾಯಿಂದ ಮಗಳ ಹೆಸರು ಬಿಟ್ಟು ಬೇರೇನೂ ಹೊರಡುತ್ತಿರಲಿಲ್ಲ. ಜಾಲಿಗಿಡಗಳ ನಡುವಿನ ಕಲ್ಲುದಾರಿಯಲ್ಲಿ ಸುಮಿತ್ರಾಳ ಚಪ್ಪಲಿ ಕಿತ್ತುಹೋಯಿತು. ಬರಿಗಾಲಲ್ಲೇ ಓಡುತ್ತ ಕಿವಿತುಂಡನ್ನು ಸಿಕ್ಕಿಸಿಕೊಂಡಳು. ಮೊದಲು ಬರೀ ಸುಂಯ್ ಎಂಬ ಸದ್ದು. ಕ್ವಾರಿಯ ದಿಬ್ಬ ಹತ್ತುವಾಗ ಮಾತು ಸಿಕ್ಕಿತು.

‘ಹುಲಿಗೆಮ್ಮ ಕೈ ಬೀಸಾಕತ್ತಾಳ. ನಿನ್ನ ನೋಡಿ ಭಾಳ ಖುಷಿ ಆಗೇತಿ ಅಕಿಗೆ. ಬಾ, ಇನ್ನೊಂದೀಟು ಮುಂದ ಬಾ.’

ದಿಬ್ಬದ ಮೇಲೆ ನಿಂತ ಸುಮಿತ್ರಾಳಿಗೆ ಎಲ್ಲವೂ ಒಟ್ಟಿಗೆ ಕಂಡಿತು. ಗುಂಡಿಯ ಆಚೆ ದಡದಲ್ಲಿ, ಶಾಲೆ ಬೇಗ ಬಿಟ್ಟಿದ್ದರಿಂದ ಪಾಟೀಚೀಲ ಹೊತ್ತೇ ಬಂದಿದ್ದ ನಾಲ್ಕಾರು ಮಕ್ಕಳು, ಅವರ ಮುಂದೆ ಹುಲಿಗೆಮ್ಮ. ಈಚೆ ದಡದಲ್ಲಿ, ಕತ್ತರಿಸಿದಂತೆ ನಿಂತ ಬಂಡೆಯ ಅಂಚಿಗೆ ಬಹಳ ಹತ್ತಿರ, ನೀಲಗಂಗಾ. ನಡುವೆ ಕಪ್ಪು ನೀರು. ಹುಲಿಗೆಮ್ಮ ಕೈ ಬೀಸುತ್ತಿದ್ದುದು ನಿಜ. ಎರಡೂ ಕೈಗಳನ್ನು ತಲೆಯ ಮೇಲೆ ಬೀಸುತ್ತ ಅಳುತ್ತ ಗಂಟಲು ಹರಿಯುವಂತೆ ಕಿರುಚುತ್ತಿದ್ದಳು. “ನೀಲೀ! ಬ್ಯಾಡಽ! ಬರಬ್ಯಾಡ, ಬೀಳ್ತೀ!”

ಬಸಲಿಂಗವ್ವ ಕೂಗಲು ಬಾಯಿ ತೆರೆದಳು. ಸುಮಿತ್ರಾ ಅವಳ ಬಾಯಿಯನ್ನು ಅಂಗೈಯಿಂದ ಮುಚ್ಚಿದಳು. ಹಿಂದಿನಿಂದ ಅವ್ವನ ದನಿ ಕೇಳಿ ಹುಡುಗಿ ಗಕ್ಕನೆ ತಿರುಗಿದರೆ, ಒಂದು ಹೆಜ್ಜೆ ತಪ್ಪಿದರೆ!

ನೀಲಗಂಗಾ ನಿಂತಿದ್ದಳು. ತಲೆಯನ್ನು ಒಂದು ಬದಿಗೆ ವಾಲಿಸಿ, ಬ್ರೈಲ್ ಪುಟದಲ್ಲಿ ತಿಳಿಯದ ಅಕ್ಷರ ಬಂದಾಗ ನಿಲ್ಲುವಂತೆ ನಿಂತಿದ್ದಳು.

‘ಬಾರವ್ವ, ಹುಲಿಗೆಮ್ಮ ನಗಾಕತ್ತಾಳ,’ ಎಂದಿತು ಗುಬ್ಬಿ.

ಹುಡುಗಿಯ ಎರಡೂ ಕೈಗಳು ಕೊರಳಿಗೆ ಹೋದವು. ಪಟ್ಟಿಯನ್ನು ಬಿಚ್ಚಿ ಪಕ್ಕಕ್ಕೆ ಬಿಟ್ಟಳು. ಸುಮಿತ್ರಾಳ ಕಿವಿ ಮೌನವಾಯಿತು. ನೀಲಗಂಗಾ ನಿಧಾನಕ್ಕೆ ಮಂಡಿಯೂರಿ ಕೂತು, ನೆಲಕ್ಕೆ ಅಂಗೈಗಳನ್ನು ಹಚ್ಚಿ ಮುಂದಕ್ಕೆ ಸರಿಸಿದಳು. ಬೆರಳುಗಳು ಬಂಡೆಯ ಅಂಚು ಮುಟ್ಟಿದವು, ಅಂಚಿನಿಂದ ಕೆಳಗೆ ಇಳಿದು ಏನನ್ನೂ ಮುಟ್ಟದೆ ಆಡಿದವು. ಅವಳ ಇಡೀ ಮೈ ಒಮ್ಮೆ ಜುಮ್ಮೆಂದುದು ದೂರಕ್ಕೂ ಕಂಡಿತು. ಆಮೇಲೆ ಅಂಬೆಗಾಲಿನಲ್ಲಿ, ಹಿಂದು ಹಿಂದಕ್ಕೆ, ಸರಿಯತೊಡಗಿದಳು. ಸುಮಿತ್ರಾ ಬಾಗಿ ಓಡಿಹೋಗಿ ಅವಳನ್ನು ಸೊಂಟದಿಂದ ಎತ್ತಿಕೊಂಡು ಬಂದು ತಾಯಿಯ ಮಡಿಲಿಗೆ ಹಾಕಿದಳು.

ಬಸಲಿಂಗವ್ವ ಮಗಳನ್ನು ಬಡಿದಳು, ಅಪ್ಪಿಕೊಂಡಳು, ಮತ್ತೆ ಬಡಿದಳು. ನೀಲಗಂಗಾ ಅಳಲಿಲ್ಲ.

“ಹುಲಿಗೆಮ್ಮ ನಗಾಕತ್ತಾಳ ಅಂತು ಅಕ್ಕೋರೆ,” ಎಂದಳು. “ಅಕಿ ಅಳಾಕತ್ತಿದ್ಲು. ಅಳೂದು ನನಗ ಗೊತ್ತಾಗಂಗಿಲ್ಲೇನು?”

ನೀಲಗಂಗಾ ಅಂಗೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡಳು.

“ಸಾಲ್ಯಾಗ ಅಕಿ ನನ್ನ ಬಾಜು ಕುಂದರ್ತಾಳೋ ಇಲ್ಲೋ?”

ಬಸಲಿಂಗವ್ವ ಸುಮಿತ್ರಾಳ ಕಡೆ ನೋಡಿದಳು. ಬೇಡ ಎಂದಿತು ಆ ನೋಟ. ಒಂದು ಸಣ್ಣ ‘ಹೌದು’ ಎಷ್ಟು ಸುಲಭವಾಗಿತ್ತು! ಯಂತ್ರಕ್ಕೆ ಆ ಮಾತು ಯಾಕೆ ಅಷ್ಟು ಬೇಗ ರೂಢಿಯಾಯಿತೆಂದು ಸುಮಿತ್ರಾಳಿಗೆ ಆಗ ತಿಳಿಯಿತು.

“ಇಲ್ಲವ್ವ,” ಎಂದಳು. “ಕುಂದರಂಗಿಲ್ಲ.”

ಅಂದಿನಿಂದ ನೀಲಗಂಗಾ ಶಾಲೆಗೆ ಹೋಗಲಿಲ್ಲ. ಬಸಲಿಂಗವ್ವ ಸುಮಿತ್ರಾಳಿಗೆ ಕುಡಿಯಲು ನೀರು ಕೊಡುತ್ತಿದ್ದಳು, ಮಾತು ಕೊಡುತ್ತಿರಲಿಲ್ಲ. ಅಪಾಯದ ಎಚ್ಚರಿಕೆ ಆ ಸಂಜೆಯೇ ಎಲ್ಲ ಪಟ್ಟಿಗಳಲ್ಲೂ ಸರಿಹೋಯಿತು. ಹೊಸ ಜಿಲ್ಲೆಗಳಿಗೆ ಹಂಚುವುದನ್ನು ಇನಾಮದಾರರೇ ನಿಲ್ಲಿಸಿದರು. ಆದರೆ ಸುಳ್ಳುಗಳನ್ನು ಕಿತ್ತ ಹೆಚ್ಚಿನ ಮನೆಗಳಲ್ಲಿ ಒಂದೇ ಕತೆ. ಒಬ್ಬ ಹುಡುಗ ಪಟ್ಟಿಯನ್ನು ಕಾಳು ತುಂಬುವ ಹಗೇವಿನ ಗುಂಡಿಗೆ ಎಸೆದ. ಮಂದವಾಗಿ ಕಾಣುವ ಅಕ್ಕತಂಗಿಯರಿಬ್ಬರು ಮಾತ್ರ ತಾವೆಂದೂ ಅದನ್ನು ಪೂರ್ತಿ ನಂಬಿರಲಿಲ್ಲ ಎಂದು ನಕ್ಕು, ಮತ್ತೆ ಹಾಕಿಕೊಂಡು ಹೋದರು. ಉಳಿದವರು ಮನೆಯಲ್ಲಿ ಕೂತರು. ಸುಮಿತ್ರಾ ಸ್ಕೂಟಿ ಓಡಿಸುತ್ತಲೇ ತನ್ನನ್ನು ತಾನು ಕೇಳಿಕೊಳ್ಳುತ್ತಿದ್ದಳು, ಮಕ್ಕಳನ್ನು ಕೈಯಾರೆ ಮೂಲೆಗೆ ತಳ್ಳಿದೆನೇ ಎಂದು. ಊಟದ ತಾಟಿನ ಮುಂದೆ ಕೂತಾಗಲೂ ಆ ‘ಇಲ್ಲವ್ವ’ ಎಂಬ ತನ್ನದೇ ದನಿ ಕಿವಿಯಲ್ಲಿ ಕೇಳುತ್ತಿತ್ತು.

ಒಂದು ದಿನ ಅವಳು ಹುಲಿಗೆಮ್ಮನನ್ನು ಶಾಲೆಯ ನಲ್ಲಿಯ ಹತ್ತಿರ ತಡೆದು ನೇರವಾಗಿ ಕೇಳಿದಳು. ಹುಡುಗಿ ಮೊದಲು ಕಾಲಿನಿಂದ ಮಣ್ಣು ಕೆರೆದಳು.

“ಗುಬ್ಬಿ ಎಲ್ಲಾ ನೋಡ್ತೈತಿ, ಯಾರು ಗದ್ದಲ ಮಾಡಿದ್ರೂ ನನಗ ಬಂದು ಹೇಳ್ತೈತಿ ಅಂತ ಸರ್ ಅಂದಿದ್ರು. ಅದಕ್ಕ ಯಾರೂ ಅಕಿ ಸನೇಕ ಹೋಗಂಗಿಲ್ರೀ.”

ವೀರನಗೌಡರಿಗೆ ಆ ಮಾತು ನೆನಪೇ ಇರಲಿಲ್ಲ. ತಮಾಷೆಗೆ ಅಂದಿರಬೇಕು ಎಂದರು. ಆಮೇಲೆ ಬಹಳ ಹೊತ್ತು ಸೀಮೆಸುಣ್ಣವನ್ನು ಬೆರಳಲ್ಲಿ ತಿರುಗಿಸುತ್ತ ಕೂತಿದ್ದರು.

ತಬಸ್ಸುಮ್ ಹೊಸ ಪಟ್ಟಿಯೊಂದಿಗೆ ಕಡ್ಲಿಹಾಳಕ್ಕೆ ಬಂದಳು. ಮೊದಲು ಶಾಲೆಗೆ ಹೋದಳು. ಪಟ್ಟಿಯನ್ನು ಬಿಚ್ಚಿ ಒಳಗಿನದನ್ನು ಮಕ್ಕಳಿಗೆ ತೋರಿಸಿದಳು. ಇದು ಯಾರ ಚಿತ್ರವನ್ನೂ ಇಟ್ಟುಕೊಳ್ಳುವುದಿಲ್ಲ, ಮಾಸ್ತರಿಗೆ ಚಾಡಿ ಹೇಳುವುದಿಲ್ಲ ಎಂದಳು. ಒಬ್ಬೊಬ್ಬರ ಕಣ್ಣಿಗೂ ಬಟ್ಟೆ ಕಟ್ಟಿ, ಪಟ್ಟಿ ಹಾಕಿಸಿ ನಡೆಸಿದಳು. ತಾನು ಅಂದದ್ದು ತಪ್ಪಾಯಿತೆಂದು ವೀರನಗೌಡರೂ ಎದ್ದು ಹೇಳಿದರು. ಮಕ್ಕಳು ನಂಬಿದರೋ ಇಲ್ಲವೋ ಸುಮಿತ್ರಾಳಿಗೆ ತಿಳಿಯಲಿಲ್ಲ.

ಅಲ್ಲಿಂದ ಮನೆಗೆ. ನೀಲಗಂಗಾ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಹಾಕಿಕೊಳ್ಳಲಿಲ್ಲ.

“ಇದಕ್ಕ ಎಲ್ಲಾ ಕಾಣತೈತೇನು ಅಕ್ಕ?”

“ಇಲ್ಲ. ಒಮ್ಮೊಮ್ಮೆ ಕತ್ತಲಿದ್ರ, ಯಾರರ ಅಡ್ಡ ಬಂದ್ರ ಕಾಣಂಗಿಲ್ಲ.”

“ಆವಾಗ ಏನಂತೈತಿ?”

ತಬಸ್ಸುಮ್ ತಡವರಿಸಿದಳು. “ಇಷ್ಟ ದಿನಾ ಊಹೆ ಮಾಡಿ ಹೇಳ್ತಿತ್ತು.”

“ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನಾಕ ಕಲಸ್ರಿ,” ಎಂದು ನೀಲಗಂಗಾ ಪಟ್ಟಿಯನ್ನು ವಾಪಸು ಕೊಟ್ಟುಬಿಟ್ಟಳು.

ತಬಸ್ಸುಮ್ ಅದನ್ನು ಹಿಡಿದುಕೊಂಡು ಹುಬ್ಬಳ್ಳಿಗೆ ಮರಳಿದಳು. ಮತ್ತೆ ಬಂದಾಗ ಕೆಲವು ವಾರಗಳು ಕಳೆದಿದ್ದವು, ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಈ ಸಲ ನೀಲಗಂಗಾ ಪಟ್ಟಿ ಹಾಕಿಕೊಂಡು ಅಂಗಳದಲ್ಲಿ ಸುತ್ತಾಡಿದಳು. ಅದು ಎರಡು ಸಲ ‘ಗೊತ್ತಿಲ್ಲ’ ಎಂದಿತು.  ಮಾ‌ರನೆಯ ಬೆಳಿಗ್ಗೆ ನೀಲಗಂಗಾ ತಾನಾಗಿಯೇ ಅವ್ವನಿಗೆ ಜಡೆ ಹಾಕೆಂದಳು.

ಸುಮಿತ್ರಾ ತರಗತಿಯ ಬಾಗಿಲಲ್ಲಿ ಕಿವಿತುಂಡು ಸಿಕ್ಕಿಸಿಕೊಂಡು ನಿಂತಳು. ಬಸಲಿಂಗವ್ವ ಒಳಗೆ ನೋಡುವ ಧೈರ್ಯವಿಲ್ಲದೆ ಹೊರಗೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ನೀಲಗಂಗಾ ಹೊಸಿಲು ದಾಟಿದಾಗ ಮಕ್ಕಳ ಗಲಾಟೆ ಇದ್ದಕ್ಕಿದ್ದಂತೆ ತಗ್ಗಿತು.

‘ನಿನ್ನ ಬೆಂಚು ಹಿಂದ ಐತಿ,’ ಎಂದಿತು ಗುಬ್ಬಿ. ‘ಬಾಜು ಯಾರೂ ಇಲ್ಲ.’

ಹುಡುಗಿ ನಿಂತುಬಿಟ್ಟಳು. ಅವಳ ಕೆಳತುಟಿ ಒಳಗೆ ಹೋದುದನ್ನು ಸುಮಿತ್ರಾ ಕಂಡಳು. ಈಗ ತಿರುಗುತ್ತಾಳೆ, ಪಟ್ಟಿ ಕಿತ್ತು ಮನೆಗೆ ಓಡುತ್ತಾಳೆ ಎಂದುಕೊಂಡಳು. ಸುಮಿತ್ರಾಳ ಕೈ ತಾನಾಗಿ ಮುಂದೆ ಚಾಚಿತು, ಅರ್ಧದಲ್ಲೇ ನಿಂತಿತು.

“ಹುಲಿಗೆಮ್ಮ ಎಲ್ಲಿ?” ನೀಲಗಂಗಾ ಪಿಸುಗುಟ್ಟಿದಳು.

‘ಎರಡನೇ ಬೆಂಚಿನ ತುದಿಗೆ. ಅಕಿ ಬಾಜು ಅಕಿ ಪಾಟೀಚೀಲ ಐತಿ.’

ನೀಲಗಂಗಾ ಬೆಂಚುಗಳ ಅಂಚನ್ನು ಬೆರಳಿನಿಂದ ಮುಟ್ಟುತ್ತ ಎರಡನೆಯದರ ಹತ್ತಿರ ಬಂದು ನಿಂತಳು. “ಹುಲಿಗಿ, ಚೀಲ ತೆಗಿ,” ಎಂದಳು. “ನಾ ಇಲ್ಲಿ ಕುಂದರ್ತೀನಿ.”

ಇಡೀ ಕೋಣೆ ಹುಲಿಗೆಮ್ಮನ ಕಡೆ ನೋಡಿತು. ಅವಳು ಮಾಸ್ತರ ಕಡೆ ನೋಡಿದಳು, ಕೊರಳಪಟ್ಟಿಯ ಕಡೆ ನೋಡಿದಳು, ಮುಖ ಕೆಂಪಗೆ ಮಾಡಿಕೊಂಡು ಕೂತಳು. ಯಾರೂ ಅಲುಗಾಡಲಿಲ್ಲ. 

ಆಮೇಲೆ ಚೀಲ ಬೆಂಚಿನ ಮೇಲಿಂದ ಸರ್ರನೆ ಎಳೆದ ಸದ್ದು.

‘ಚೀಲ ತೆಗದ್ಲು,’ ಎಂದಿತು ಗುಬ್ಬಿ. ‘ಮಾರಿ ಸಿಂಡರಿಸ್ಯಾಳ.’

ನೀಲಗಂಗಾಳ ಮುಖದ ಮೇಲೆ ಮೆಲ್ಲಗೆ ನಗು ಮೂಡಿತು. “ಸಿಂಡರಿಸಿದ್ರ ಸಿಂಡರಿಸ್ಲಿ ಬಿಡು,” ಎಂದು ಗಟ್ಟಿಯಾಗಿ ಹೇಳಿ, ಲಂಗ ಮಡಚಿಕೊಂಡು ಅವಳ ಪಕ್ಕದಲ್ಲಿ ಕೂತಳು.